ಬಾಯಿಲ್ಲದ ಕಾರಿನ ದಿಬ್ಬಣ

ಕಾರಿನ ಮುಖ ನೋಡದೆ ಕಾರು ಕೊಂಡದ್ದೇ ಲಿಂಗರಾಜ್ ಮಾಸ್ತರರ ಮೊದಲ ತಪ್ಪು ಎಂದು ಅವರ ಬಡಾವಣೆ ಚಿತ್ತವಾಡ್ಗಿಯ ಮಂದಿ ಹೇಳುತ್ತಾರೆ. ಕಂಪ್ಲಿಯಲ್ಲಿ ಇದೇ ಕಥೆ ಹೇಳುವವರು ಆ ತಪ್ಪನ್ನು ಇನ್ನೂ ಹಿಂದಕ್ಕೆ, ಅವರು ಚಿತ್ರ ಬಿಡಿಸಲು ಕಲಿತ ದಿನಕ್ಕೇ ಒಯ್ಯುತ್ತಾರೆ. ಇದೊಂದು ಭೇದವನ್ನು ಬಿಟ್ಟರೆ ಎರಡೂ ಕಡೆಯ ಹೇಳಿಕೆಗಳು ಕೂಡಿಬರುತ್ತವೆ.

ಲಿಂಗರಾಜ್ ಹೊಸಪೇಟೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಮಾಸ್ತರರು. ವಸ್ತುಗಳ ಆಕಾರದ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಯಾರೂ ಕೇಳದಿದ್ದಾಗಲೂ ಇದ್ದವು. ನೆರೆಮನೆಯ ಗೇಟು, ಬಸ್ ನಿಲ್ದಾಣದ ಕಂಬಗಳು, ಹೆಂಡತಿ ಸುನಿತಾ ಲಟ್ಟಿಸಿದ ಚಪಾತಿ, ಯಾವುದೂ ಅವರ ವಿಮರ್ಶೆಯಿಂದ ತಪ್ಪಿಸಿಕೊಂಡಿರಲಿಲ್ಲ. ಕರೆಂಟ್ ಕಾರು ಕೊಳ್ಳಲು ಹೋದಾಗ ಶೋರೂಮಿಗೆ ಆ ಮಾದರಿ ಇನ್ನೂ ಬಂದಿರಲಿಲ್ಲ. ಅಲ್ಲಿಯ ಉದ್ಯೋಗಿ ಸ್ಪಂದನಾ ಫೋನಿನಲ್ಲಿ ಚಿತ್ರಗಳನ್ನು ತೋರಿಸಲು ಹೊರಟಳು. ಮಾಸ್ತರರು ಮೊದಲನೆಯದನ್ನು, ಅಂದರೆ ಕಾರಿನ ಪಕ್ಕದ ನೋಟವನ್ನು, ಕಂಡೊಡನೆ ಕೈ ಎತ್ತಿದರು.

“ಸಾಕು ತಂಗಿ. ಪಕ್ಕದ ಗೆರಿ ಸರಿ ಇತ್ತಂದ್ರ ಮುಗೀತು. ಮುಂದಿಂದು, ಹಿಂದಿಂದು ತಾವಾಗೇ ಸರಿ ಬರ್ತಾವ.”

ಈ ಕಾರಿನ ಮೇಲೆ ನಿಂತಿದ್ದುದು ಸಣ್ಣ ಮಾತಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ತೋಟಪ್ಪನವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ಸಂಡೂರಿನ ಕೊಟ್ರಬಸಪ್ಪ. ಗಣಿಗಳಿಗೆ ಟಿಪ್ಪರ್ ಓಡಿಸುವ ಗುತ್ತಿಗೆದಾರ. ಕಿರಿಯವರು ನಮ್ಮ ಮಾಸ್ತರರು. ಮಾವನ ಮನೆಯ ಯಾವ ಕಾರ್ಯವಾದರೂ ಮುಂದಿನ ಗಾಡಿ ಕೊಟ್ರಬಸಪ್ಪನದು. ಮಾಸ್ತರರಿಗೆ ಕೊನೆಯ ಟೆಂಪೋದಲ್ಲಿ, ಬಾಳೆಗೊನೆಗಳ ನಡುವೆ ಜಾಗ. ಮದುವೆಯಾದಂದಿನಿಂದ ಅವರು ಬೀಗರ ಊರುಗಳನ್ನೆಲ್ಲ ಬಾಳೆಗೊನೆಯ ಸಂದಿನಿಂದಲೇ ನೋಡಿದ್ದರು. ಈಗ ತೋಟಪ್ಪನವರ ಮಗ ಈಶ್ವರನ ನಿಶ್ಚಯ ಕಾರ್ಯ ಸಂಡೂರಿನಲ್ಲಿ ನಡೆಯುವುದಿತ್ತು. ಈಶ್ವರ ತಮ್ಮ ಹೊಸ ಕಾರಿನಲ್ಲೇ ಕೂರಬೇಕೆಂದು ಸುನಿತಾ ತಂದೆಗೆ ಹೇಳಿಕಳಿಸಿದ್ದಳು. “ಗಾಡಿ ಬರಲಿ, ನೋಡೂಣಂತ” ಎಂದು ತೋಟಪ್ಪನವರ ಉತ್ತರ ಬಂದಿತ್ತು.

ನಿಶ್ಚಯದ ದಿನವೇ ಕಾರೂ ಕೈಗೆ ಬರುವಂತಾಯಿತು. ಶುಕ್ರವಾರ. ರಾಹುಕಾಲ ಹತ್ತಿರವಾಗುತ್ತಿತ್ತು.

“ಸರ್, ಗಾಡಿ ಈಗಷ್ಟ ಇಳಿಸ್ಯಾರ. ಇನ್ನೊಂಚೂರು ಕೆಲಸ ಉಳದೈತ್ರಿ, ಕುಂದ್ರಿ,” ಎಂದಳು ಸ್ಪಂದನಾ.

“ನಾನು ಕುಂದ್ರಬಹುದು, ರಾಹು ಕುಂದ್ರಂಗಿಲ್ಲ. ಕೀಲಿ ತಾ ತಂಗಿ,” ಎಂದು ಮಾಸ್ತರರು ಕೀಲಿ ಕಸಿದುಕೊಂಡಂತೆ ತೆಗೆದುಕೊಂಡರು. ಆಮೇಲೆ ಮುಂಭಾಗಕ್ಕೆ ಬಂದರು.

ಪಕ್ಕದ ಗೆರೆ ಸರಿಯಾಗಿಯೇ ಇತ್ತು. ಮುಂದೆ ಮಾತ್ರ ಏನೂ ಇರಲಿಲ್ಲ. ಎಡದಲ್ಲೊಂದು, ಬಲದಲ್ಲೊಂದು ಹುಬ್ಬಿನಷ್ಟು ಸಣ್ಣ ದೀಪ; ನಡುವೆ ಯುಗಾದಿಗೆ ಸುಣ್ಣ ಬಳಿದ ಗೋಡೆಯಂತೆ ಅಗಲವಾದ ಬಿಳುಪು. ಗ್ರಿಲ್ ಇಲ್ಲ, ಕಿಂಡಿ ಇಲ್ಲ, ಕೊನೆಗೆ ಒಂದು ಸೀಳೂ ಇಲ್ಲ. ಮಾಸ್ತರರು ಕೇಳಲೆಂದು ತಿರುಗಿದರು. ಆದರೆ ಪಕ್ಕದ ಗೆರೆಯನ್ನು ನಂಬಿ ಮಾತಾಡಿದ ಮನುಷ್ಯ ಈಗ ಸ್ಪಂದನಾಳ ಎದುರಿಗೆ ಏನೆಂದಾನು? ಕಾರು ಹತ್ತಿ ಹೊರಟೇಬಿಟ್ಟರು.

ಚಿತ್ತವಾಡ್ಗಿಯ ಮನೆಯ ಮುಂದೆ ಸುನಿತಾ ಆರತಿ, ನಿಂಬೆಹಣ್ಣು, ಚೆಂಡುಹೂವಿನ ಮಾಲೆ ಹಿಡಿದು ನಿಂತಿದ್ದಳು. ನಿಂಬೆಹಣ್ಣು ಗಾಲಿಯ ಕೆಳಗೆ ಕುಳಿತಿತು. ಮಾಲೆಯನ್ನು ಕಟ್ಟುವ ಕಡೆಯೇ ಸಿಗಲಿಲ್ಲ. ಎಲ್ಲರ ಗಾಡಿಗೂ ಮಾಲೆಯನ್ನು ಮುಂದಿನ ಗ್ರಿಲ್ಲಿಗೆ ಸಿಕ್ಕಿಸುವುದು ಪದ್ಧತಿ. ಇಲ್ಲಿ ಮೇಲಿಟ್ಟ ಮಾಲೆ ಎಣ್ಣೆ ಹಚ್ಚಿದ ತಲೆಯ ಮೇಲಿನ ಟೊಪ್ಪಿಗೆಯಂತೆ ಜಾರಿ ಜಾರಿ ನೆಲಕ್ಕೆ ಬಿತ್ತು.

ಎದುರುಮನೆಯ ಭೀಮಾಬಾಯಿ ಕಟ್ಟೆಯಿಂದಲೇ ಕೂಗಿದರು. “ಲಿಂಗರಾಜಪ್ಪಾ, ಇದಕ್ಕ ಬಾಯಿ ಎಲ್ಲಿ ಅದನೋ?”

ಅವರ ಯಜಮಾನರು, ನಿವೃತ್ತ ಅಧಿಕಾರಿ ವ್ಯಾಸರಾಜರು, ಕನ್ನಡಕ ಏರಿಸಿ ಹತ್ತಿರ ಬಂದರು. “ಹಿಂದಿಂದು ಇದು, ಮುಂದಿಂದು ಆ ಕಡೆ ಇದ್ದೀತು ತಡಿ,” ಎಂದು ಕಾರನ್ನು ಒಂದು ಸುತ್ತು ಹಾಕಿದರು. ತಿರುಗಿ ಬಂದು, “ಎರಡೂ ಕಡೆ ಹಿಂದಿಂದೇ ಅದಲ್ಲೋ!” ಎಂದರು.

ಭೀಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಓಣಿ ನಕ್ಕಿತು.

ಕಥೆ ಹೇಳುವವರೆಲ್ಲ ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತಾರೆ: ಆ ಗಳಿಗೆಯವರೆಗೆ ಕಾರಿನ ಮುಖ ಮಾಸ್ತರರಿಗೂ ಹಿಡಿಸಿರಲಿಲ್ಲ. ಭೀಮಾಬಾಯಿ ನಗದೆ ಹೋಗಿದ್ದರೆ ಅವರೂ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಆದರೆ ಓಣಿ ನಕ್ಕಮೇಲೆ ಆ ಮುಖ ಅವರದಾಯಿತು.

“ಬಾಯಿ ಯಾಕ ಬೇಕ್ರಿ?” ಎಂದು ಮಾಸ್ತರರು ಗುಡುಗಿದರು. “ಡೀಸೆಲ್ ಗಾಡಿಗೆ ಹೊಟ್ಟ್ಯಾಗ ಬೆಂಕಿ ಇರ್ತದ, ಗಾಳಿ ಬೇಕು, ಬಾಯಿ ತಕ್ಕೊಂಡು ಹೋಗ್ತದ. ಇದಕ್ಕ ಬೆಂಕಿನೂ ಇಲ್ಲ, ಹೊಗಿನೂ ಇಲ್ಲ. ಹಸಿವಿಲ್ಲದವಗ ಬಾಯಿ ಯಾಕ? ಇದ್ದದ್ದು ಇದ್ದಂಗ ಕಾಣೋದೇ ಚೆಲುವಿಕಿ!”

“ಒಂದು ಸ್ಟಿಕ್ಕರಾದ್ರೂ ಹಚ್ಚಿಸೋ. ಎರಡು ಕಣ್ಣು, ಒಂದು ಮೀಸಿ,” ಎಂದರು ವ್ಯಾಸರಾಜರು, ಮರುಕದಿಂದ.

“ಒಂದು ಎಳಿ ದಾರ ಸೈತ ಕಟ್ಟಂಗಿಲ್ಲ! ಈ ಗಾಡಿ ಮಾರಿಗೆ ಯಾರೂ ಕೈ ಹಚ್ಚಬಾರದು.”

ಸುನಿತಾ ಮಾಲೆಯನ್ನು ನೆಲದಿಂದ ಎತ್ತಿ ಝಾಡಿಸಿದಳು. “ರೀ, ನಮ್ಮಪ್ಪ ಮಾಲಿ ಇಲ್ಲದ ಗಾಡಿ ನೋಡಿದ್ರ ಏನಂತಾರ? ಮತ್ತ ಬಾಳಿಗೊನಿ ಜೋಡಿನೇ ಕುಂದ್ರಬೇಕೇನು ನಾನು?”

“ಮುಂದಿನ ಗಾಡಿ ನಮ್ಮದು. ಹತ್ತು,” ಎಂದರು ಮಾಸ್ತರರು.

ಕಮಲಾಪುರ ದಾಟಿ ಬುಕ್ಕಸಾಗರದ ಕಡೆಗೆ ಬಂದಾಗ ಗದ್ದೆಗಳ ನಡುವೆ ರಸ್ತೆ ಕಿರಿದಾಯಿತು. ಎದುರಿಗೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬಂದು ನಿಂತಿತು. ಓಡಿಸುತ್ತಿದ್ದವನು ಜಡೆಪ್ಪ ಎಂಬ ರೈತ. ಮಾಸ್ತರರೂ ನಿಂತರು. ಅವನು ಹಿಂದೆ ಸರಿಯಲೆಂದು ಇವರು ಕಾದರು. ಇವರು ಮುಂದೆ ಹೋಗಲೆಂದು ಅವನು ಕಾದನು. ಕರೆಂಟ್ ಕಾರಿಗೆ ಸದ್ದೂ ಇಲ್ಲವಾದ್ದರಿಂದ ಇಬ್ಬರೂ ಕೆರೆಯ ದಡದ ಕೊಕ್ಕರೆಗಳಂತೆ ಸುಮ್ಮನೆ ನಿಂತುಬಿಟ್ಟರು. ಜಡೆಪ್ಪ ಬೀಡಿ ಹಚ್ಚಿದ. ಬೀಡಿ ಮುಗಿದಾಗ ಇಳಿದು ಬಂದ.

“ಏನ್ರಿ ಸಾಹೇಬ್ರ, ಹೋಗ್ತೀರೋ ಇಲ್ಲೋ? ಎಷ್ಟೊತ್ತು ನಿಮ್ಮ ಬೆನ್ನ ನೋಡ್ಕೋತ ನಿಂದ್ರಲಿ?”

“ಇದು ಬೆನ್ನಲ್ಲೋ, ಮಾರಿ!”

ಜಡೆಪ್ಪ ಬಗ್ಗಿ ನೋಡಿದ. “ಮಾರಿ ಅಂತೀರಿ, ಒಳಗ ನೀವು ಈ ಕಡೆ ಮುಖ ಮಾಡಿ ಕುಂತೀರಿ, ಖರೇ ಐತಿ. ಆದ್ರ ಮೂಗಿಲ್ಲ, ಬಾಯಿಲ್ಲ… ದೇವರು ಅರ್ಧಕ್ಕ ಎದ್ದು ಹೋಗ್ಯಾನೇನ್ರಿ?”

ಮಾಸ್ತರರು ಬಾಗಿಲು ತೆರೆದು ಹೊರಗೇ ಇಳಿದರು. ಆಕಾರದ ಶುದ್ಧಿ ಏನು, ಅಲಂಕಾರದ ಸುಳ್ಳು ಏನು, ಕಾಲ ಎತ್ತ ಹೊರಳುತ್ತಿದೆ ಎಂಬುದನ್ನು ಬಿಸಿಲಿನಲ್ಲಿ ನಿಂತು ವಿವರಿಸಿದರು. ಮುಂದೆ ಬರುವ ಕರೆಂಟ್ ಲಾರಿಗಳೂ ಹೀಗೆಯೇ ನುಣ್ಣಗಿರುತ್ತವೆ, ಜಡೆಪ್ಪನ ಟ್ರ್ಯಾಕ್ಟರಿನ ಮುಂದಿರುವ ಆ ತೂತುಗಳ ತಗಡು ಮೊಮ್ಮಕ್ಕಳ ಕಾಲಕ್ಕೆ ತಮಾಷೆಯ ವಸ್ತುವಾಗುತ್ತದೆ ಎಂದೂ ಸೇರಿಸಿದರು.

ಜಡೆಪ್ಪ ಕೈ ಮುಗಿದ. “ಹಿಂದಕ್ಕ ತಗೊಂತೀನ್ರಿ. ಹುಲ್ಲು ಒಣಗಿದ್ದು ಸಾಕು, ನನ್ನ ಒಣಗಸಬ್ಯಾಡ್ರಿ.”

ಇದನ್ನು ತಮ್ಮ ವಾದದ ಮೊದಲ ಗೆಲುವೆಂದು ಮಾಸ್ತರರು ಎಣಿಸಿದರು. ಕಂಪ್ಲಿಯನ್ನು ಮುಟ್ಟುವ ಹೊತ್ತಿಗೆ ಆ ಮುಖಕ್ಕಾಗಿ ಪ್ರಾಣ ಕೊಡಲೂ ಸಿದ್ಧರಾಗಿದ್ದರು.

ಗಿರಣಿಯ ಅಂಗಳದಲ್ಲಿ ದಿಬ್ಬಣ ಕೂಡಿತ್ತು. ಮುಂಭಾಗದಲ್ಲಿ ಕೊಟ್ರಬಸಪ್ಪನ ಕಪ್ಪು ಡೀಸೆಲ್ ಗಾಡಿ. ಅದರ ಗ್ರಿಲ್ ಕೋಟೆಯ ಬಾಗಿಲಿನಷ್ಟು ದೊಡ್ಡದು, ಸಾಲುಸಾಲು ಬೆಳ್ಳಿಹಲ್ಲು, ಹಲ್ಲಿನ ಸಂದಿಗೊಂದು ಚೆಂಡುಹೂವು. ಗಾಡಿ ಹಬ್ಬದೂಟ ಮಾಡಿ ಬಾಯಿ ಒರೆಸಿಕೊಳ್ಳದೆ ಬಂದಂತಿತ್ತು. ಅದರ ಪಕ್ಕದಲ್ಲಿ ಬಿಳಿಯ ಕಾರು ಬಂದು ನಿಂತಾಗ ಅಂಗಳವೆಲ್ಲ ಅದರ ಮುಂದೆ ನೆರೆಯಿತು.

“ಏನೋ ಲಿಂಗರಾಜ, ಮುಂದಿನ ಸಾಮಾನು ಆಮ್ಯಾಲ ಕೊಡ್ತಾರಂತೇನು?” ಎಂದ ಕೊಟ್ರಬಸಪ್ಪ. “ನಮ್ಮ ಗಣ್ಯಾಗ ಕರೆಂಟ್ ಟಿಪ್ಪರ್ ಬಂದಾವ. ಅವಕ್ಕೂ ಮುಂದ ಜಾಳಿ ಇಟ್ಟಾರ ಮಾರಾಯ. ಇಲ್ಲಂದ್ರ ಡ್ರೈವರ್‌ಗಳು ಹತ್ತಂಗಿಲ್ಲ. ಗಾಡಿ ಅಂದ್ರ ದೂರದಿಂದ ಬರೋದು ನೋಡಿ ಮಂದಿ ಸರೀಬೇಕು!”

“ಮಂದಿ ಸರೀಬೇಕಂದ್ರ ಹೋರಿ ಸಾಕು, ಗಾಡಿ ಯಾಕ ಬೇಕು?” ಎಂದರು ಮಾಸ್ತರರು.

ತೋಟಪ್ಪನವರು ಹೊರಗೆ ಬಂದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಶಲ್ಯ. ಬಿಳಿಯ ಕಾರನ್ನು ಬಹಳ ಹೊತ್ತು ನೋಡಿದರು. ಭತ್ತದ ಚೀಲಕ್ಕೆ ಕೈ ಹಾಕಿ ಬೆಲೆ ಹೇಳುವ ಮನುಷ್ಯ ಅವರು. ಈ ಸಲ ಕೈ ಎಲ್ಲಿ ಹಾಕುವುದೆಂದೇ ತಿಳಿಯಲಿಲ್ಲ.

“ಅಳಿಯಂದ್ರ,” ಎಂದರು ಕೊನೆಗೆ, “ಶುಭ ಕಾರ್ಯಕ್ಕ ಹೊಂಟೀವಿ. ಮುಖ ಇಲ್ಲದ್ದನ್ನ ಮುಂದ ಮಾಡ್ಕೊಂಡು ಹ್ಯಾಂಗ ಹೋಗೂಣು?”

ಸುನಿತಾ ಕಣ್ಣು ಮುಚ್ಚಿಕೊಂಡಳು. ಬಾಳೆಗೊನೆ ಹೇರಿದ ಟೆಂಪೋ ಗೇಟಿನ ಬಳಿ ಕಾಯುತ್ತಿತ್ತು.

ಮಾಸ್ತರರು ಒಮ್ಮೆ ಮಾವನ ಮುಖ ನೋಡಿದರು, ಒಮ್ಮೆ ಕಾರಿನ ಮುಖ. ಆಗ ಅವರಿಗೆ ಹೊಳೆದ ಮಾತು ಇಂದಿಗೂ ಕಂಪ್ಲಿಯಲ್ಲಿ ಗಾದೆಯಂತೆ ಓಡಾಡುತ್ತದೆ.

“ಮಾವಾರ, ಇದು ಬಾಯಿಲ್ಲದ ಮಾರಿ ಅಲ್ರಿ. ಇದು ಹಣಿ! ಬ್ಯಾರೆ ಗಾಡಿಗೆ ಹಣಿನೇ ಇಲ್ಲ, ಬರೇ ಬಾಯಿ. ಬಾಯಿದ್ದವರು ಭಾಳ ಮಂದಿ ಅದಾರ. ಹಣಿ ಇದ್ದವರು ಎಷ್ಟು ಮಂದಿ ಅದಾರ, ನೀವೇ ಹೇಳ್ರಿ.”

ತೋಟಪ್ಪನವರು ತಮ್ಮ ಹಣೆ ಮುಟ್ಟಿಕೊಂಡರು. ಆಮೇಲೆ ಹಿರಿಯ ಅಳಿಯನ ಗಾಡಿಯ ಹಲ್ಲುಗಳನ್ನು ನೋಡಿದರು. ಆಮೇಲೆ, ಕೊಟ್ರಬಸಪ್ಪನ ಬಾಯಿಯನ್ನೂ.

“ಖರೇ ಮಾತು,” ಎಂದರು. “ಹಣಿನೇ ಇದು. ವಿಭೂತಿಗೆ ಅಂತನೇ ಮಾಡಿದ ಹಣಿ! ಈಶ್ವರಾ, ನೀ ಇದರಾಗ ಕುಂದ್ರು.”

ಯಜಮಾನರ ಮಾತು ಬಿದ್ದಮೇಲೆ ಅಂಗಳದ ಅಭಿಪ್ರಾಯ ತಿರುಗಲು ಎಷ್ಟು ಹೊತ್ತು? ಬಿಳಿಯ ಕಾರು ಶರಣರ ಹಾಗೆ ಶಾಂತವಾಗಿದೆ ಎಂದರೊಬ್ಬರು. ಕಪ್ಪು ಗಾಡಿಯ ಕಡೆಗೆ ತಿರುಗಿ, “ಯಾಕಲೇ, ಇದು ಹಲ್ಲು ಕಿರೀತೈತಲ್ಲ!” ಎಂದರು ಇನ್ನೊಬ್ಬರು. ಯಾರೋ ಒಬ್ಬ ಮುದುಕಿ ಅದಕ್ಕೆ ಎಲೆಯಡಿಕೆ ಕೊಡಲು ಹೋದಳು. ಹಿರಿಯ ಮಗಳು ರೇಣುಕಾದೇವಿ ಗಂಡನ ಕಿವಿಯಲ್ಲಿ, “ಏನಾದ್ರೂ ಮುಚ್ಚರಿ ಅದಕ್ಕ, ಮರ್ಯಾದಿ ಹೋಗ್ತದ,” ಎಂದಳು. ಕೊಟ್ರಬಸಪ್ಪ ಡಿಕ್ಕಿಯಿಂದ ತನ್ನ ಸನ್ಮಾನದ ಕೆಂಪು ಶಾಲನ್ನು ತೆಗೆದು, ಯಾರೂ ನೋಡದಂತೆ ಗ್ರಿಲ್ಲಿನ ಮೇಲೆ ಬಿಗಿದು ಕಟ್ಟಿದ.

ಇತ್ತ ತೋಟಪ್ಪನವರು ವಿಭೂತಿ ಗಟ್ಟಿಯನ್ನು ತರಿಸಿ, ಸ್ವತಃ ಬಿಳಿಯ ಕಾರಿನ ಮುಂದೆ ಮಂಡಿಯೂರಿದರು. ಮಾಸ್ತರರು ಕೈ ಕಟ್ಟಿ ನಿಂತರು. ಮುಖಕ್ಕೆ ಯಾರೂ ಕೈ ಹಚ್ಚಬಾರದೆಂಬ ತಮ್ಮ ಆಣೆ ನೆನಪಾಯಿತು. ಆದರೆ ಇದು ಮುಖವಲ್ಲ, ಹಣೆ ಎಂದು ತಾವೇ ತೀರ್ಪು ಕೊಟ್ಟಾಗಿತ್ತು.

ಬಿಳಿಯ ಮೇಲೆ ಬಿಳಿಯ ವಿಭೂತಿ ಕಾಣಲಿಲ್ಲ. ತೋಟಪ್ಪನವರು ಇನ್ನೊಮ್ಮೆ ಎಳೆದರು. ಕಾಣಲಿಲ್ಲ. ಭಕ್ತಿ ಕಡಿಮೆಯಾಯಿತೆಂದು ಬಗೆದು, ಗಟ್ಟಿಯನ್ನು ಒತ್ತಿ, ಅಕ್ಕಿ ಅಳೆದ ತೋಳಿನ ಬಲವನ್ನೆಲ್ಲ ಹಾಕಿ, ಈ ಕಿವಿಯಿಂದ ಆ ಕಿವಿಯವರೆಗೆ ಎಳೆದರು.

ಹಣೆ ಸುಕ್ಕಾಯಿತು.

“ಇದೇನ್ರಿ, ಗಾಡಿ ಹುಬ್ಬು ಗಂಟಿಕ್ತು!” ಎಂದು ಯಾರೋ ಕೂಗಿದರು. ತೋಟಪ್ಪನವರು ಗಾಬರಿಯಿಂದ ಸುಕ್ಕನ್ನು ಸರಿಮಾಡಲು ಹೋಗಿ ಅಂಚನ್ನು ಹಿಡಿದರು. ಅಂಚು ಕೈಗೆ ಬಂತು. ಬಿಸಿಲಿಗೆ ಕಾದ ಅಂಟು ಬಿಟ್ಟುಕೊಂಡು, ಹಾಲಿನ ಕೆನೆಯಂತೆ ಇಡೀ ಹಣೆ ಸರ್ರನೆ ಸುಲಿದು ಅವರ ಮಡಿಲಿಗೆ ಬಿತ್ತು.

ಕೆಳಗೆ ಬಾಯಿ ಇತ್ತು. ಸಾಮಾನ್ಯ ಬಾಯಲ್ಲ: ಕಪ್ಪಗೆ ಮಿರುಗುವ, ಬೆಳ್ಳಿಯ ಅಂಚಿನ, ಕೊಟ್ರಬಸಪ್ಪನ ಗಾಡಿಯದಕ್ಕಿಂತ ಒಂದು ಗೇಣು ಅಗಲವಾದ ಬಾಯಿ. ಗಾಳಿ ಬೇಡದ ಕಾರಿಗೆ ಬರಿಯ ಅಂದಕ್ಕೆಂದು ಕೂಡಿಸಿದ ಬಾಯಿ. ಅದು ಅಂಗಳದ ಕಡೆಗೆ ಹಲ್ಲು ಬಿಟ್ಟು ನಗುತ್ತಿತ್ತು.

ಈಶ್ವರ ಆ ಹಾಳೆಯನ್ನು ಎತ್ತಿ ನೋಡಿದ. “ಭಾವ, ಇದು ಪ್ಲಾಸ್ಟಿಕ್ರಿ. ಲಾರ್ಯಾಗ ತರುವಾಗ ಗೀರು ಬೀಳಬಾರದಂತ ಅಂಟಸಿರ್ತಾರ. ಶೋರೂಮಿನ್ಯಾಗ ತಗಿಯಾಕ ಬಿಡಲಿಲ್ಲೇನು ನೀವು?”

ಮಾಸ್ತರರು ಸರಿದು ನಿಂತು ಕಾರಿನ ಪಕ್ಕದ ಗೆರೆಯನ್ನು ನೋಡಿದರು. ಅದು ಈಗಲೂ ಸರಿಯಾಗಿಯೇ ಇತ್ತು.

“ಇದಕ್ಕೂ ಬಾಯೇ ಐತಿ!” ಎಂದು ಮುದುಕಿ ನಿಟ್ಟುಸಿರುಬಿಟ್ಟಳು. “ಶರಣರ ಗಾಡಿ ಅಂದ್ರಿ, ಮುಸುಕಿನ ಹಿಂದ ಎಷ್ಟು ಹಲ್ಲು ನೋಡವ್ವಾ!”

ತೋಟಪ್ಪನವರು ವಿಭೂತಿ ಗಟ್ಟಿ ಹಿಡಿದು ಎದ್ದರು. ಹಣೆಗಾಗಿ ತೆಗೆದ ವಿಭೂತಿಯನ್ನು ಮರಳಿ ಡಬ್ಬಿಗಿಡುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಕಣ್ಣು ಅತ್ತಿತ್ತ ಹಣೆಯನ್ನು ಹುಡುಕಿತು; ಪಕ್ಕದ ಗಾಡಿಯ ಮೇಲೆ, ಬಿಗಿದ ಕೆಂಪು ಶಾಲಿನ ಮೇಲೆ, ನಿಂತಿತು. ಎರಡು ಹೆಜ್ಜೆ ಸರಿದು ಎಳೆದರು. ಮೂರು ಗೆರೆಗಳೂ ಚಂದ್ರನಂತೆ ಬೆಳಗಿದವು.

“ಇದು ಹಣಿ,” ಎಂದರು ತೋಟಪ್ಪನವರು. “ಈಶ್ವರಾ, ಈ ಕಡೆ ಬಾ. ಇದರಾಗ ಕುಂದ್ರು. ಸಣ್ಣ ಅಳಿಯಂದ್ರು ಹೇಳಿದ ಮಾತು ಲಾಖ್ ರೂಪಾಯಿದು. ಬಾಳಿಗೊನಿ ಅವರ ಗಾಡ್ಯಾಗ ಹಾಕ್ರಿ, ಡಿಕ್ಕಿ ಭಾಳ ದೊಡ್ಡದೈತಿ.”

ಹೀಗೆ ದಿಬ್ಬಣ ಹೊರಟಿತು. ಕಡೆಯ ಗಾಡಿಯಲ್ಲಿ, ಕತ್ತಿನ ಹಿಂದೆ ಬಾಳೆಗೊನೆ ಹೊತ್ತು, ಮಾಸ್ತರರು ಸ್ಟೇರಿಂಗ್ ಹಿಡಿದಿದ್ದರು. ಸುನಿತಾ ಹೊಸಪೇಟೆಯವರೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹೊಸಪೇಟೆ ದಾಟಿದ ಮೇಲೆ ಮಾಸ್ತರರೇ ಗಂಟಲು ಸರಿಮಾಡಿಕೊಂಡರು.

“ನೋಡು ಸುನಿತಾ, ನಿಧಾನಕ್ಕ ವಿಚಾರ ಮಾಡಿದ್ರ, ಗಾಡಿಗೆ ಬಾಯಿ ಇರೋದೇ…”

“ರೀ, ಬಾಯಿ ಮುಚ್ಚರಿ,” ಎಂದಳು ಸುನಿತಾ.

ಸಂಡೂರಿನ ಘಟ್ಟ ಏರುವಾಗ ದಿಬ್ಬಣ ನಿಂತಿತು. ಮುಂದಿನ ಗಾಡಿಯ ಕೆಂಪು ಶಾಲಿನ ಸುತ್ತ ಉಗಿ ಏಳುತ್ತಿತ್ತು. ಒಳಗೆ ಬೆಂಕಿ ಇದ್ದ ಗಾಡಿಯ ಉಸಿರು ಕಟ್ಟಿತ್ತು. ಮಾಸ್ತರರು ಬಾಗಿಲು ಬಡಿದು ಓಡಿಬಂದರು. ಅವರ ಮುಖದಲ್ಲಿ ದೀಪಾವಳಿ.

“ಶಾಲು ಬಿಚ್ಚರಿ! ನಾ ಮುಂಜಾನಿನೇ ಹೇಳೀನಿ, ಡೀಸೆಲ್ ಗಾಡಿಗೆ ಬಾಯಿ ಬೇಕಂತ!”

“ವಿಭೂತಿ ಧರಿಸಿದ್ದನ್ನ ಕಾರ್ಯ ಮುಗಿಯೋತನಕ ಬಿಚ್ಚಂಗಿಲ್ಲ,” ಎಂದರು ತೋಟಪ್ಪನವರು.

“ಹಂಗಾದ್ರ ಈಶ್ವರನ್ನ ನನ್ನ ಗಾಡಿಗೆ ಕಳಸ್ರಿ!”

“ಹೊಂಟ ಮದುಮಗ ನಡುದಾರ್ಯಾಗ ಗಾಡಿ ಬದಲಸಂಗಿಲ್ಲ ಅಳಿಯಂದ್ರ. ನಿಮಗ ಗೊತ್ತಿಲ್ಲದ್ದೇನು?” ತೋಟಪ್ಪನವರು ಸುತ್ತ ನೋಡಿದರು. “ಹಗ್ಗ ಅದಾವೇನ್ರಿ ಯಾರ ಕಡೆನಾರ?”

ಬಾಳೆಗೊನೆ ಕಟ್ಟಿದ ಹಗ್ಗ ಇತ್ತು.

ಆ ದಿನ ಸಂಡೂರಿನ ಬೀಗರ ಮನೆಯ ಮುಂದೆ ಎಲ್ಲಕ್ಕಿಂತ ಮೊದಲು ಬಂದು ನಿಂತದ್ದು ಲಿಂಗರಾಜ್ ಮಾಸ್ತರರ ಕಾರೇ. ಇದನ್ನು ಎರಡೂ ಕಡೆಯ ಯಾವ ಹೇಳಿಕೆಯೂ ಅಲ್ಲಗಳೆಯುವುದಿಲ್ಲ. ಬಾಜಾ ಮೊಳಗಿತು. ಮಾಸ್ತರರು ಎದೆಯುಬ್ಬಿಸಿ ಇಳಿದರು. ಹುಡುಗಿಯ ತಂದೆ ಆರತಿಯವರನ್ನು ಹಿಂದಿಟ್ಟುಕೊಂಡು ಬಂದು, ಬಿಳಿಯ ಕಾರಿನ ಬಿಟ್ಟ ಹಲ್ಲುಗಳನ್ನೊಮ್ಮೆ, ಹಿಂದಿನ ಹಗ್ಗವನ್ನೊಮ್ಮೆ ನೋಡಿದರು.

“ಏ ಡ್ರೈವರ್, ಎಳಿಯೋ ಗಾಡಿ ಬಾಜೂಕ್ಕ ಹಚ್ಚಪಾ,” ಎಂದರು. “ಹಿಂದ ಮದುಮಗನ ಗಾಡಿ ಬರಾಕತ್ತೈತಿ, ಮುಖ ಕಾಣಲಿ. ನೋಡ್ರಿ, ಏನು ಚಂದ ಹಣಿ ಅದಕ್ಕ!”